ಬತ್ತಿಯ ತಂತಿಯೂ ನನ್ನ ತಜ್ಞತನವೂ

ತಂತಿಯ ವಿಷಯದಲ್ಲಿ ನಾನು ಅಧಿಕಾರಯುತವಾಗಿ ಮಾತನಾಡಬಲ್ಲ ಮನುಷ್ಯ. ಮೂಡಲಗಿಯ ವಿದ್ಯುತ್ ಕಚೇರಿಯಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಕಂಬ ಹತ್ತಿದ್ದೇನೆಯೇ? ಇಲ್ಲ. ಫ್ಯೂಸ್ ಕಟ್ಟಿದ್ದೇನೆಯೇ? ಅದೂ ಇಲ್ಲ. ಬಿಲ್ಲಿನ ವಿಭಾಗದಲ್ಲಿ ಫ್ಯಾನಿನ ಕೆಳಗೆ ಕೂತು ಮೀಟರಿನ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿದವನು ನಾನು. ಆದರೆ ಸುತ್ತಮುತ್ತ ಇಷ್ಟೊಂದು ತಂತಿ ಇರುವಾಗ ಅದರ ಜ್ಞಾನ ತಾನಾಗಿಯೇ ಮೈಗೆ ಹತ್ತುತ್ತದೆ ಎಂದು ನಂಬಿದ್ದೆ. ಎಷ್ಟು ಹತ್ತಿತ್ತು ಎಂಬುದು ಈಗ ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ನಮ್ಮ ಬಂಧುಬಳಗಕ್ಕೆ ಗೊತ್ತು.

ನನ್ನ ಹೆಂಡತಿ ಸುಜಾತಾ ಮೇಣದಬತ್ತಿ ಮಾಡುತ್ತಿದ್ದಳು. ಗೋಕಾಕದ ಅಂಗಡಿಯಿಂದ ಮೇಣ, ಬತ್ತಿಯ ಪಾಕೀಟು, ಚಿಕ್ಕ ಗಾಜಿನ ಲೋಟಗಳನ್ನು ತಂದು, ಹಿತ್ತಲಿನ ಕೋಣೆಯಲ್ಲಿ ಕರಗಿಸಿ, ಬತ್ತಿ ನಿಲ್ಲಿಸಿ, ಹೊಯ್ದು, ಆರಿಸಿ ಮಾರುತ್ತಿದ್ದಳು. ನಮ್ಮದು ಬೌದ್ಧ ಮನೆತನ. ಹುಣ್ಣಿಮೆಗೆ, ಭಾನುವಾರದ ವಂದನೆಗೆ ವಿಹಾರದವರು ಅವಳ ಬತ್ತಿಗಳನ್ನೇ ಒಯ್ಯುತ್ತಿದ್ದರು. ಉಳಿದದ್ದನ್ನು ಓಣಿಯವರು ಕೊಳ್ಳುತ್ತಿದ್ದರು. ಅವಳ ತವರೂರು ಕುಲಗೋಡದ ಹೆಣ್ಣುಮಕ್ಕಳು ಬಂದು ಈ ಕೆಲಸ ಕಲಿತು ಹೋಗಿದ್ದರು. “ಗಂಡ ಲೈಟ್ ತಗೀತಾನ, ಹೆಂಡ್ತಿ ಮೇಣಬತ್ತಿ ಮಾರತಾಳ, ಚಲೋ ಜೋಡಿ!” ಎಂದು ಓಣಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆಗ ನಗುವುದಕ್ಕೆ ಅಡ್ಡಿ ಇರಲಿಲ್ಲ.

ಹೀಗಿರುವಾಗ ಮಗಳು ಪ್ರಜ್ಞಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಐದು ತಿಂಗಳು ತುಂಬುವ ತನಕ ತಾಯಿ ಮಗು ಇಬ್ಬರೂ ನಮ್ಮಲ್ಲೇ ಇರಬೇಕು ಎಂಬುದು ಸುಜಾತಾಳ ಆಸೆ. ಆದರೆ ಹುಕ್ಕೇರಿಯ ಬೀಗತಿ ಶೋಭಾಬಾಯಿಯವರಿಗೆ ಅವಸರ. ದವಾಖಾನೆಯ ಬಾಗಿಲಲ್ಲೇ, “ಹೆಸರಿಟ್ಟ ಕೂಡ್ಲೆ ಕಳಸ್ರಿ. ನಮ್ಮ ಮನಿಯಾಗೂ ಬಿಸಿನೀರ ಕಾಯತಾವು” ಎಂದಿದ್ದರು. ಫೋನಿನಲ್ಲಿ ಬಹಳ ಮಾತುಕತೆ ನಡೆದು, ಸುಜಾತಾ ಒಂದೆರಡು ಸಲ ಕಣ್ಣೀರನ್ನೂ ಹಾಕಿದ ಮೇಲೆ ಅವರು ಸಡಿಲಾದರು.

“ಆತು, ಇಟ್ಕೋರಿ. ಆದ್ರ ಕೂಸಿಗೆ ಏನರ ಹೆಚ್ಚುಕಮ್ಮಿ ಆತಂದ್ರ ಅವತ್ತ ಕರ್ಕೊಂಡ ಹೋಗಾಕಿ ನಾ. ಆಮ್ಯಾಲ ಬ್ಯಾಡ ಅನಬಾರದು” ಎಂದು ಷರತ್ತು ಹಾಕಿದರು.

ಆ ಒಪ್ಪಂದವನ್ನು ಸುಜಾತಾ ಜೀವದಂತೆ ಕಾಪಾಡಿದಳು. ಅಂಟಿನ ಉಂಡಿ, ಅಳವಿ ಪಾಯಸ, ಬೆಳಗಾದರೆ ಹಂಡೆ ತುಂಬ ಬಿಸಿನೀರು. ಬಾಣಂತಿ ಕೋಣೆಯ ಕಿಟಕಿಗೆ ದಪ್ಪ ಚಾದರ ಹೊದಿಸಿ, ಗಾಳಿ ಒಳಗೆ ಬರದಂತೆ ಮಾಡಿದ್ದಳು. ಮೂಲೆಯಲ್ಲಿ ಬುದ್ಧನ ಸಣ್ಣ ಮೂರ್ತಿ, ಅದರ ಮುಂದೆ ಅವಳೇ ಮಾಡಿದ ಒಂದು ಗಾಜಿನ ಮೇಣಬತ್ತಿ. ಕರೆಂಟು ಹೋದರೂ ಕೂಸು ಕತ್ತಲೆಯಲ್ಲಿ ಹೆದರಬಾರದು ಎಂದು ಸಂಜೆಯಾದೊಡನೆ ಅದನ್ನು ಹಚ್ಚುತ್ತಿದ್ದಳು. ಮನೆ ತುಂಬ ಬಾಣಂತಿಯ ವಾಸನೆ, ಕೂಸಿನ ಅಳು, ಹೆಂಡತಿಯ ನಗು. ಇಷ್ಟು ಸುಖವಾಗಿ ನಡೆಯುವ ಮನೆಗೆ ನನ್ನ ಸೇವೆಯೂ ಒಂದಿಷ್ಟು ಸಲ್ಲಬೇಕೆಂದು ನನಗೆ ಅನಿಸತೊಡಗಿತು. ಅಲ್ಲಿಂದಲೇ ಕೆಟ್ಟಿತು.

ಕಚೇರಿಯಲ್ಲಿ ಊಟ ಮುಗಿಸಿ ಮೊಬೈಲು ನೋಡುತ್ತ ಕೂತಿದ್ದೆ. ಒಂದು ಸಂದೇಶ ಬಂತು. ಮೇಣದಬತ್ತಿಯ ಬತ್ತಿ ನೆಟ್ಟಗೆ ನಿಲ್ಲಲೆಂದು ಒಳಗೆ ತಂತಿ ಇಟ್ಟಿರುತ್ತಾರೆ, ಅದು ಸೀಸದ್ದಾಗಿದ್ದರೆ ಉರಿದಾಗ ಸೀಸ ಗಾಳಿಗೆ ಸೇರುತ್ತದೆ, ಸಣ್ಣ ಮಕ್ಕಳ ಮಿದುಳಿಗೆ ಅಪಾಯ, ಬತ್ತಿಯ ತಂತಿಯನ್ನು ಬಿಳಿ ಕಾಗದಕ್ಕೆ ಉಜ್ಜಿದಾಗ ಪೆನ್ಸಿಲಿನಂತೆ ಗೆರೆ ಮೂಡಿದರೆ ಅದು ಸೀಸ ಎಂದು ಬರೆದಿತ್ತು. ಆ ಸಂದೇಶ ಸುಳ್ಳಲ್ಲ. ಅದೇ ನೋಡಿ ನನ್ನ ದುರ್ದೈವ. ಸುಳ್ಳು ಸಂದೇಶವಾಗಿದ್ದರೆ ತಪ್ಪನ್ನು ಕಳಿಸಿದವರ ತಲೆಗೆ ಕಟ್ಟಬಹುದಿತ್ತು. ಖರೆ ಮಾತನ್ನು ತೆಗೆದುಕೊಂಡು ಅನಾಹುತ ಮಾಡುವುದಕ್ಕೆ ವಿಶೇಷ ಪ್ರತಿಭೆ ಬೇಕು.

ಯಾರೋ ಹೇಳಿದರೆಂದು ನಂಬಬಾರದು, ಪರೀಕ್ಷೆ ಮಾಡಿ ಒಪ್ಪಬೇಕು ಎಂಬುದು ನಮ್ಮ ಮನೆಯ ಧರ್ಮ. ಆದ್ದರಿಂದ ಮನೆಗೆ ಬಂದವನೇ, ಚಪ್ಪಲಿಯನ್ನೂ ನೆಟ್ಟಗೆ ಬಿಡದೆ, ಬಾಣಂತಿ ಕೋಣೆಗೆ ನುಗ್ಗಿ ಉರಿಯುತ್ತಿದ್ದ ಮೇಣಬತ್ತಿಯನ್ನು ಊದಿ ಆರಿಸಿದೆ. ಬಿಳಿ ಕಾಗದ ತಂದೆ. ಬತ್ತಿಯ ತುದಿಯನ್ನು ಅದರ ಮೇಲೆ ಎಳೆದೆ. ದಪ್ಪನೆಯ ಕಪ್ಪು ಗೆರೆ!

“ಸುಜಾತಾ! ಬಾ ಇಲ್ಲಿ! ನೋಡಿದಿ? ಸೀಸ!”

ಸುಜಾತಾ ಕೈಯಲ್ಲಿ ಕೂಸಿನ ಬಟ್ಟೆ ಹಿಡಿದು ಬಂದಳು. ಕಾಗದ ನೋಡಿದಳು, ನನ್ನನ್ನು ನೋಡಿದಳು.

“ಅದು ಮಸಿ ಅಲ್ಲೇನ್ರಿ?”

“ಮಸಿ ಬ್ಯಾರೆ, ಸೀಸ ಬ್ಯಾರೆ.”

“ಉರದ ಬತ್ತಿ ಉಜ್ಜಿದ್ರ ಕರ್ರಗ ಬರದ ಬೆಳ್ಳಗ ಬರತೈತೇನ್ರಿ? ತಡೀರಿ, ಪಾಕೀಟಿನ್ಯಾಗ ಹೊಸಾ ಬತ್ತಿ ಅದಾವು. ಅದನ್ನ ಉಜ್ಜಿ ನೋಡೂಣು.”

“ಸುಜಾತಾ,” ಎಂದೆ, ಬಹಳ ಗಂಭೀರವಾಗಿ. “ತಂತಿ ವಿಷಯ ನನಗ ಬಿಡು.”

ಅವಳು ಬಿಟ್ಟಳು. ನಮ್ಮ ಮನೆಯಲ್ಲಿ ನಾನು ದನಿ ತಗ್ಗಿಸಿ ಮಾತಾಡಿದರೆ ಅವಳು ಮುಂದೆ ವಾದಿಸುವುದಿಲ್ಲ. ಅದನ್ನು ನಾನು ಇಷ್ಟು ವರ್ಷ ನನ್ನ ಜಾಣತನಕ್ಕೆ ಸಿಕ್ಕ ಗೌರವ ಎಂದುಕೊಂಡಿದ್ದೆ. ಅದು ಬರೀ ದಣಿವು ಎಂದು ಈಗ ಅನಿಸುತ್ತದೆ.

ಒಂದು ಮನೆಯನ್ನು ಉಳಿಸಿದರೆ ಸಾಕೇ? ಸಮಾಜ? ಕುರ್ಚಿ ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡು, ಮೊಬೈಲಿನಲ್ಲಿ ಧ್ವನಿ ಸಂದೇಶ ಮುದ್ರಿಸಿದೆ. “ಸಮಸ್ತ ಬಂಧುಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಂತಿಯುಳ್ಳ ಮೇಣದಬತ್ತಿಗಳು ವಿಷಪೂರಿತವಾಗಿರುತ್ತವೆ. ನಾನು ವಿದ್ಯುತ್ ಕ್ಷೇತ್ರದ ಅನುಭವಿಯಾಗಿ ಸ್ವತಃ ನಮ್ಮ ಮನೆಯ ಬತ್ತಿಯನ್ನೇ ಪರೀಕ್ಷಿಸಿದ್ದು, ಸೀಸ ಇರುವುದು ದೃಢಪಟ್ಟಿರುತ್ತದೆ.” ಸುಜಾತಾಳ ಹೆಸರು ಹೇಳಲಿಲ್ಲ. ಅಷ್ಟು ಸೂಕ್ಷ್ಮತೆ ನನ್ನಲ್ಲಿದೆ! ಬಂಧುಗಳ ಗುಂಪಿಗೆ, ವಿಹಾರದ ಗುಂಪಿಗೆ, ಓಣಿಯ ಗುಂಪಿಗೆ ಕಳಿಸಿ, ಸಮಾಧಾನದಿಂದ ಚಹಾ ಕುಡಿದೆ.

ಮೆಚ್ಚುಗೆಯ ಹೆಬ್ಬೆರಳುಗಳು ಸಾಲುಗಟ್ಟಿ ಬಂದವು. ಮರುದಿನ ಅವುಗಳ ಹಿಂದೆ ಬತ್ತಿಗಳೇ ಬಂದವು. ವಿಹಾರದವರು ಉಳಿದ ಡಬ್ಬಿಗಳನ್ನು ನಮ್ಮ ಕಟ್ಟೆಯ ಮೇಲಿಟ್ಟು, ಒಳಗೂ ಬಾರದೆ ಹೋದರು. ಕುಲಗೋಡದಿಂದ ಫೋನು: “ಅಕ್ಕಾ, ನಮ್ಮ ಊರಾಗ ಯಾರೂ ಮುಟ್ಟವಲ್ಲರು. ಭಾವಾರ ಹೇಳಿದ ಮ್ಯಾಲ ಮುಗೀತಲ್ಲ.” ಸುಜಾತಾ ಡಬ್ಬಿಗಳನ್ನು ಹಿತ್ತಲಿನ ಕೋಣೆಗೆ ಸಾಗಿಸಿದಳು. ಅವಳು ವರ್ಷಗಟ್ಟಲೆ ಮಾಡಿ ತೋರಿಸಿದ ಕೆಲಸವನ್ನು ನೋಡಿ ನಂಬಿದ್ದ ಜನ, ಬಿಲ್ಲಿನ ವಿಭಾಗದ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು ಮಾತಾಡಿದ್ದಕ್ಕೆ ಬಿಟ್ಟುಬಿಟ್ಟರು. ಇದರಲ್ಲಿ ಜನರ ತಪ್ಪೂ ಇದೆ ಎಂದು ಹೇಳಿಕೊಳ್ಳುವ ಆಸೆಯೇನೋ ಇದೆ.

ಅಷ್ಟರಲ್ಲಿ ಬೀಗತಿಯ ಫೋನು ಬಂತು.

“ಬೀಗರ, ನಿಮ್ಮ ದನಿ ಕೇಳಿದ್ನಿ. ಕೂಸಿನ ಖೋಲ್ಯಾಗ ಅದ ಬತ್ತಿ ಹಚ್ಚತಿದ್ರಿ ಏನ್ರಿ?”

ಇದನ್ನು ನಾನು ಯೋಚಿಸಿರಲಿಲ್ಲ. ಸಮಾಜವನ್ನು ಉಳಿಸುವ ಭರದಲ್ಲಿ ಹುಕ್ಕೇರಿಯೂ ಸಮಾಜದೊಳಗೇ ಬರುತ್ತದೆ ಎಂಬುದು ಮರೆತಿತ್ತು.

“ಹಚ್ಚತಿದ್ವಿ... ಆದ್ರ ಈಗ ಇಲ್ರಿ. ಇನ್ನ ಮ್ಯಾಲ ನಾ ಸ್ವತಃ ನಿಂತ ಶುದ್ಧ ಬತ್ತಿ ಮಾಡತೇನ್ರಿ.”

“ರವಿವಾರ ನಾನು, ಸಿದ್ಧಾರ್ಥ ಬರತೇವಿ. ನೋಡತೇವಿ. ಸರಿ ಕಾಣಲಿಲ್ಲಂದ್ರ ಕರ್ಕೊಂಡ ಬರತೇವಿ.”

ಸಿದ್ಧಾರ್ಥ ಎಂದರೆ ನಮ್ಮ ಅಳಿಯ. ಹುಕ್ಕೇರಿಯಲ್ಲಿ ಅವನದೊಂದು ಟಿವಿ, ಮೊಬೈಲು ರಿಪೇರಿ ಅಂಗಡಿ. ಫೋನು ಇಟ್ಟು ತಿರುಗಿದರೆ ಸುಜಾತಾ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ನನಗೂ ಒಳಗೊಳಗೆ ಅಳುಕಾಯಿತು. ಆದರೆ ಅಳುಕನ್ನು ತೋರಿಸುವ ಪದ್ಧತಿ ನಮ್ಮ ಕಚೇರಿಯಲ್ಲೂ ಇಲ್ಲ, ನನ್ನಲ್ಲೂ ಇಲ್ಲ.

ಒಳಗಿನಿಂದ ಪ್ರಜ್ಞಾ ಕೂಗಿ ಹೇಳಿದಳು: “ಅಪ್ಪಾ, ಒಂದ ಬ್ಯಾಟರಿ ಲೈಟ್ ತಂದ ಇಡಪಾ. ಮುಗೀತು.”

ಇದಕ್ಕಿಂತ ಬುದ್ಧಿಯ ಮಾತನ್ನು ಆ ವಾರ ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಆದರೆ ಬ್ಯಾಟರಿ ಲೈಟು ತಂದರೆ ನನ್ನ ಶುದ್ಧ ಬತ್ತಿಯ ಗತಿಯೇನು? ಬೀಗತಿಗೆ ಮಾತು ಕೊಟ್ಟಿದ್ದೇನೆ! ಪ್ರಜ್ಞಾಳ ಸಲಹೆಯನ್ನು ಪರಿಶೀಲನೆಗೆ ಇಟ್ಟುಕೊಂಡೆ, ಅಂದರೆ ಕೇಳಿಸದಂತೆ ಮುಂದೆ ಹೋದೆ.

ಪಕ್ಕದ ಮನೆಯ ಗಂಗವ್ವಕ್ಕ ಗುಡಿಯ ದೀಪಕ್ಕೆ ಬತ್ತಿ ಹೊಸೆಯುವುದರಲ್ಲಿ ಹೆಸರುವಾಸಿ. ಅರಳೆಗೆ ಹಾಲಿನ ಕೈ ಹಚ್ಚಿ, ವಿಭೂತಿ ಸವರಿ, ತೊಡೆಯ ಮೇಲೆ ಒಮ್ಮೆ ಉಜ್ಜಿದರೆ ಬತ್ತಿ ಸಿದ್ಧ. ತಂತಿ ಇಲ್ಲ, ಅಂಗಡಿ ಇಲ್ಲ, ಸೀಸ ಇಲ್ಲ. ಒಂದು ತಟ್ಟೆ ತುಂಬ ಇಸಿದುಕೊಂಡೆ.

“ಅಣ್ಣಾರ, ಇವು ಎಣ್ಣಿ ದೀಪದ್ದು. ಮೇಣಕ್ಕ ನಡೀತಾವೊ ಇಲ್ಲೊ ನನಗಂತೂ ಗೊತ್ತಿಲ್ಲ ನೋಡ್ರಿ.”

“ಬತ್ತಿ ಅಂದ್ರ ಬತ್ತಿ, ಗಂಗವ್ವಕ್ಕ. ಬೆಂಕಿಗೆ ಏನ ಗೊತ್ತಾಗತೈತಿ?”

ಬೆಂಕಿಗೆ ಎಲ್ಲ ಗೊತ್ತಾಗುತ್ತದೆ. ಬಿಸಿ ಮೇಣ ಹೊಯ್ದೊಡನೆ ಗಂಗವ್ವಕ್ಕನ ಬತ್ತಿಗಳು ಸೊಂಟ ಬಗ್ಗಿಸಿ ಲೋಟದ ತಳಕ್ಕೆ ಹೋಗಿ ಮಲಗಿದವು. ಎಬ್ಬಿಸಿದೆ, ಮತ್ತೆ ಮಲಗಿದವು. ಊದಿನಕಡ್ಡಿಗೆ ಒರಗಿಸಿ ಕೆಲವನ್ನು ಹೇಗೋ ನಿಲ್ಲಿಸಿ, ಮೇಣ ಗಟ್ಟಿಯಾದ ಮೇಲೆ ಹಚ್ಚಿದರೆ ಒಂದು ‘ಚುಂಯ್’ ಎಂದು ಆರಿತು. ಇನ್ನೊಂದು ಮುಳುಗಿತು. ಮೂರನೆಯದು ಮಾತ್ರ ಅದ್ಭುತವಾಗಿ ಉರಿಯತೊಡಗಿತು. ನಾನು ಹೆಮ್ಮೆಯಿಂದ ಬಗ್ಗಿ ನೋಡುತ್ತಿದ್ದೆ. ಕರಗಿದ ಮೇಣದಲ್ಲಿ ಬತ್ತಿ ನಿಧಾನವಾಗಿ ವಾಲಿ, ಗಾಜಿಗೆ ಒರಗಿ, ಅಲ್ಲೇ ಜೋರಾಗಿ ಉರಿಯಿತು. ‘ಟಪ್!’ ಗಾಜು ಒಡೆದು, ಮೇಣ ಮೇಜಿನ ಬಟ್ಟೆಯ ಮೇಲೆ ಹರಿದು, ಬಟ್ಟೆ ಹೊತ್ತಿಕೊಂಡಿತು. ಬೆಂಕಿ ಬಿದ್ದರೆ ಏನು ಮಾಡಬೇಕು? ನೀರು ಹಾಕಬೇಕು. ತಂಬಿಗೆ ನೀರು ಎರಚಿದೆ. ಉರಿಯುವ ಮೇಣಕ್ಕೆ ನೀರು ಹಾಕಬಾರದೆಂಬ ಜ್ಞಾನವು ಆ ಕ್ಷಣದಲ್ಲೇ, ಭಗ್ಗೆಂದು, ಮುಖದ ಮಟ್ಟಕ್ಕೆ ಬಂತು.

ಸುಜಾತಾ ಓಡಿಬಂದು ಒದ್ದೆ ಗೋಣಿಚೀಲ ಮುಚ್ಚಿ ಆರಿಸಿದಳು. ನನ್ನ ಎಡಗಡೆಯ ಹುಬ್ಬು ಹೋಗಿತ್ತು. ಪೂರ್ತಿ ಹೋಗಿದ್ದರೂ ಒಂದು ಶಿಸ್ತು ಇರುತ್ತಿತ್ತು, ಅರ್ಧ ಹೋಗಿತ್ತು.

“ಸಾಕು ಮಾಡ್ರಿ ಇನ್ನ,” ಎಂದಳು ಅವಳು. “ನನ್ನ ಹೊಸಾ ಬತ್ತಿ ಒಂದ ಸಲ ಉಜ್ಜಿ ನೋಡ್ರಿ. ಕೈ ಮುಗೀತೇನಿ.”

“ಹುಬ್ಬ ಹೋದ್ರ ಹೋಗಲಿ,” ಎಂದೆ. “ಸಿದ್ಧಾಂತ ಹೋಗಬಾರದು.”

ತೊಂದರೆ ಏನೆಂದು ನನಗೆ ಅರ್ಥವಾಗಿತ್ತು. ಅರಳೆಗೆ ಬೆನ್ನೆಲುಬು ಬೇಕು. ಅಂದರೆ ತಂತಿ ಬೇಕು. ಆದರೆ ನಿರಪಾಯವಾದ ತಂತಿ. ಮನೆಯ ಖಾನೆಗಳನ್ನೆಲ್ಲ ಹುಡುಕಿದೆ. ಟಿವಿಯ ಕೆಳಗಿನ ಖಾನೆಯಲ್ಲಿ ಒಂದು ಸಣ್ಣ ಸುರುಳಿ ಸಿಕ್ಕಿತು. ಹಿಂದೊಮ್ಮೆ ನಮ್ಮ ಟಿವಿ ಕೆಟ್ಟಾಗ ಸಿದ್ಧಾರ್ಥ ತಂದು ಬಿಟ್ಟುಹೋದದ್ದು. ಬೆಳ್ಳಗೆ ಹೊಳೆಯುವ, ಬೆರಳಿಗೆ ಸಿಕ್ಕರೆ ಬಾಗುವ, ಮೃದುವಾದ ತಂತಿ. ನೋಡಿದೊಡನೆ ಗುರುತು ಹಿಡಿದೆ. ಕಲಾಯಿ! ನಮ್ಮ ಕಡೆ ಹಿತ್ತಾಳೆ ಪಾತ್ರೆಗಳಿಗೆ ಹಾಕಿಸುವ ಕಲಾಯಿ. ಚಿಕ್ಕಂದಿನಲ್ಲಿ ಕಲಾಯಿಯವನು ಓಣಿಗೆ ಬಂದು ತಿದಿ ಊದುತ್ತ, ಪಾತ್ರೆಯೊಳಗೆ ಇದೇ ಬಣ್ಣದ್ದನ್ನು ಕರಗಿಸಿ ಅರಳೆಯಿಂದ ಒರೆಸುವುದನ್ನು ಗಂಟೆಗಟ್ಟಲೆ ನಿಂತು ನೋಡಿದವನು ನಾನು. ಅರಳೆಯೂ ಅದೇ, ಲೋಹವೂ ಅದೇ. ಆ ಪಾತ್ರೆಯಲ್ಲಿ ಕುದಿಸಿದ ಸಾರು ಉಂಡು ಬೆಳೆದವನಿಗೆ ಇನ್ನಾವ ಪ್ರಮಾಣ ಬೇಕು?

“ಅಪ್ಪಾ, ಇದೂ ತಂತಿ ಅಲ್ಲೇನಪಾ?” ಎಂದಳು ಪ್ರಜ್ಞಾ.

“ತಂತಿ ಕೆಟ್ಟದ್ದಲ್ಲ, ಸೀಸ ಕೆಟ್ಟದ್ದು. ಇದು ಕಲಾಯಿ. ನಿಮ್ಮವ್ವ ಕಲಾಯಿ ಹಾಕಿದ ಪಾತೇಲ್ಯಾಗ ಸಾರ ಕುದಿಸಿಲ್ಲೇನು?”

ಅದನ್ನು ಕಾಗದಕ್ಕೆ ಉಜ್ಜಿ ನೋಡಿದೆನೇ ಎಂದು ನೀವು ಕೇಳಬಹುದು. ಇಲ್ಲ. ಪರೀಕ್ಷೆ ಬೇಕಾದದ್ದು ಹೆಂಡತಿಯ ತಂತಿಗೆ. ನನ್ನ ತಂತಿಗೇಕೆ?

ಗಂಗವ್ವಕ್ಕನ ಬತ್ತಿಯನ್ನು ಆ ತಂತಿಗೆ ಸುತ್ತಿ, ಲೋಟದಲ್ಲಿ ನಿಲ್ಲಿಸಿ, ಮೇಣ ಹೊಯ್ದೆ. ಏನು ನಿಲುವು! ಒಂದೂ ಬಾಗಲಿಲ್ಲ. ಹಚ್ಚಿದರೆ ಒಂದೇ ಹದದಲ್ಲಿ ಉರಿಯಿತು. ಮೇಲಾಗಿ ಕೋಣೆಯ ತುಂಬ ಒಂದು ಬಗೆಯ ಧೂಪದ ವಾಸನೆ. ಅದು ಎಲ್ಲಿಂದ ಬಂತೆಂದು ನನಗೂ ತಿಳಿಯಲಿಲ್ಲ. ತಿಳಿಯದಿದ್ದರೂ ಅದರ ಹಿರಿಮೆಯನ್ನು ಮಾತ್ರ ತೆಗೆದುಕೊಂಡೆ. ಬಾಣಂತಿಯನ್ನು ನೋಡಲು ಬಂದ ಗಂಗವ್ವಕ್ಕ ಮೂಗು ಅರಳಿಸಿ, “ಲೋಬಾನ ಹಾಕಿದಂಗ ಆಗೇತಿ! ಕೂಸಿಗೆ ಚಲೋ ನೋಡ್ರಿ” ಎಂದಳು.

ಆ ಗುರುವಾರದಿಂದ ಬಾಣಂತಿ ಕೋಣೆಯಲ್ಲಿ ನನ್ನ ಬತ್ತಿಗಳೇ ಉರಿದವು. ಒಂದಲ್ಲ, ಮೂಲೆಗೊಂದು. ಸುಜಾತಾ ಆಗಾಗ ಹೋಗಿ ಕಿಟಕಿಯ ಚಾದರ ಸರಿಸುತ್ತಿದ್ದಳು. “ಯಾಕೋ ಗಂಟಲ ಹಿಡೀತೈತ್ರಿ” ಎನ್ನುತ್ತಿದ್ದಳು. “ಕೂಸಿಗೆ ಗಾಳಿ ಬಡೀತೈತಿ, ನಿನಗ ತಿಳಿಯೂದಿಲ್ಲೇನು?” ಎಂದು ನಾನು ಹೋಗಿ ಮುಚ್ಚುತ್ತಿದ್ದೆ. ಅವಳು ತೆಗೆದಳು, ನಾನು ಮುಚ್ಚಿದೆ. ಇದನ್ನು ನೆನೆದರೆ ಈಗಲೂ ನನ್ನ ಕೈ ನನಗೇ ಬೇಡವೆನಿಸುತ್ತದೆ.

ರವಿವಾರ ಬಂತು. ಬೀಗತಿ ಬಂದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹುಬ್ಬಿನ ಜಾಗಕ್ಕೆ ಪ್ರಜ್ಞಾಳ ಹುಬ್ಬಿನ ಪೆನ್ಸಿಲಿನಿಂದ ಸ್ವಲ್ಪ ರಿಪೇರಿ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಶೋಭಾಬಾಯಿ ಕೋಣೆಯೊಳಗೆ ಹೋಗಿ ಸುತ್ತಲೂ ಕಣ್ಣಾಡಿಸಿದರು. ತೊಟ್ಟಿಲ ಸುತ್ತ ಸಾಲಾಗಿ ಉರಿಯುವ ಬತ್ತಿಗಳು. ಮಲಗಿದ ಕೂಸು. ಅವರ ಮುಖ ಮೆತ್ತಗಾಯಿತು.

“ಚಲೋ ಮಾಡೀರಿ ಬಿಡ್ರಿ, ಬೀಗರ. ವಾಸ್ನಿ ಎಷ್ಟ ಚಂದ ಐತಿ! ನಾನ ಸುಮ್ನ ಹೆದರಿದ್ನಿ. ಇರಲಿ, ಐದ ತಿಂಗಳ ಇಲ್ಲೇ ಇರಲಿ.”

ಸುಜಾತಾಳ ಕಣ್ಣಲ್ಲಿ ನೀರು ಬಂತು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳು ನನ್ನತ್ತ ನೋಡಿ ಸಣ್ಣಗೆ ನಕ್ಕಳು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಆ ನಿಲುವಿನಲ್ಲೇ ಒಂದು ಫೋಟೋ ತೆಗೆಸಿಕೊಂಡಿದ್ದರೆ ಇವತ್ತು ಅದಕ್ಕೆ ಹಾರ ಹಾಕಬಹುದಿತ್ತು.

ಸಿದ್ಧಾರ್ಥ ಹೊರಗೆ ಗಾಡಿ ನಿಲ್ಲಿಸಿ ಒಳಬಂದ. ಹೊಸ್ತಿಲಲ್ಲೇ ನಿಂತು ಮೂಗೆಳೆದ. ಮತ್ತೊಮ್ಮೆ ಎಳೆದ. ನಕ್ಕ.

“ಮಾವಾರ, ಇಲ್ಲಿ ನಮ್ಮ ಅಂಗಡಿ ವಾಸನಿ ಬರಾಕತ್ತೇತ್ರಿ!”

“ಇದು ಧೂಪದ ವಾಸನಿ, ಸಿದ್ಧಾರ್ಥ. ನನ್ನ ಬತ್ತಿದು.”

ಅವನು ನಗುತ್ತಲೇ ಒಂದು ಲೋಟ ಎತ್ತಿಕೊಂಡ, ಊದಿ ಆರಿಸಿದ, ಬತ್ತಿಯನ್ನು ಹಿಡಿದು ಎಳೆದ. ತುದಿಯಲ್ಲಿ ಕರಗಿ ಗಟ್ಟಿಯಾದ ಬೆಳ್ಳಗಿನ ಒಂದು ಹನಿ. ಅವನ ನಗು ನಿಂತಿತು.

“ಮಾವಾರ, ಇದು ಬೆಸುಗಿ ತಂತಿ. ಟಿವಿ ಒಳಗಿನ ಜೋಡಣಿಗೆ ಹಾಕತೇವಲ್ಲ, ಅದು. ವಾಸನಿ ಬರೂದು ಅದರೊಳಗಿನ ರಾಳದ್ದು.”

“ಕಲಾಯಿ ಅಲ್ಲೇನು?”

“ಅರ್ಧ ಕಲಾಯಿನ ರೀ.”

ನನಗೆ ಜೀವ ಬಂತು. “ಮತ್ತ? ನಾ ಅಂದಿದ್ದ ಅದ! ಇನ್ನ ಅರ್ಧ?”

“ಸೀಸ.”

ಸಿದ್ಧಾರ್ಥ ಒಂದೊಂದಾಗಿ ಬತ್ತಿಗಳನ್ನು ಆರಿಸುತ್ತ ಹೋದ. ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು.

“ಇದರ ಸಲುವಾಗಿ, ಪ್ರಜ್ಞಾ ಬಸುರಿದ್ದಾಗ ನಾ ಆಕಿನ್ನ ಅಂಗಡಿ ಹೊಸ್ತಿಲ ತುಳಿಸಿಲ್ರಿ, ಮಾವಾರ,” ಎಂದ.

ಪ್ರಜ್ಞಾ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಸುಜಾತಾ ಹಿತ್ತಲಿನ ಕೋಣೆಗೆ ಹೋಗಿ ಒಂದು ಬಿಳಿ ಕಾಗದ, ತನ್ನ ಪಾಕೀಟಿನ ಒಂದು ಹೊಸ ಬತ್ತಿ ತಂದಳು. ಎಲ್ಲರ ಮುಂದೆ ಆ ಬತ್ತಿಯ ನೂಲನ್ನು ಬಿಚ್ಚಿ, ಒಳಗಿನ ತಂತಿಯನ್ನು ಕಾಗದಕ್ಕೆ ಗಟ್ಟಿಯಾಗಿ ಉಜ್ಜಿದಳು. ಕಾಗದ ಬೆಳ್ಳಗೇ ಉಳಿಯಿತು. ಅದರ ಪಕ್ಕದಲ್ಲಿ ನನ್ನ ಸುರುಳಿಯ ತಂತಿಯನ್ನು ಉಜ್ಜಿದಳು. ಪೆನ್ಸಿಲಿನಿಂದ ಎಳೆದಂತೆ ಬೂದು ಗೆರೆ ಬಂತು.

“ನಿಮ್ಮದು ಸತುವಿನ ತಂತಿರಿ, ಅತ್ತಿ,” ಎಂದ ಸಿದ್ಧಾರ್ಥ. “ಈಗ ಬತ್ತಿಗೆ ಅದನ್ನ ಹಾಕತಾರು. ಅದರಿಂದ ಏನೂ ಅಪಾಯ ಇಲ್ಲ.”

ಅಂದರೆ, ಕೂಸಿನ ಕೋಣೆಯಲ್ಲಿ ಸೀಸ ಇರಲಿಲ್ಲ. ನಾನು ಸೀಸದ ವಿರುದ್ಧ ಸಮರ ಸಾರಿ, ಜಾಗೃತಿ ಮೂಡಿಸಿ, ಸತುವನ್ನು ಹೊರಗೆ ಹಾಕಿ, ಕೈಯಾರೆ ಸೀಸವನ್ನು ಒಳಗೆ ತಂದು, ಕಿಟಕಿ ಮುಚ್ಚಿದೆ. ಶತ್ರುವಿಗೂ ಇಷ್ಟು ಅಚ್ಚುಕಟ್ಟಾಗಿ ಮಾಡಲು ಆಗುತ್ತಿರಲಿಲ್ಲ!

ಎಲ್ಲರೂ ಗೋಕಾಕದ ದವಾಖಾನೆಗೆ ಹೊರಟೆವು. ಡಾಕ್ಟರು ತಾಯಿ ಮಗು ಇಬ್ಬರ ರಕ್ತ ತೆಗೆದು ಬೆಳಗಾವಿಗೆ ಕಳಿಸಿದರು.

“ಯಾರ ಹಚ್ಚಿದ್ರಿ ಇದನ್ನ?” ಎಂದು ಕೇಳಿದರು.

ಎಲ್ಲರೂ ನನ್ನನ್ನು ನೋಡಿದರು. ಡಾಕ್ಟರು ನನ್ನ ಹುಬ್ಬನ್ನು ನೋಡಿದರು. ಬೆವರಿಗೆ ಪೆನ್ಸಿಲಿನ ಬಣ್ಣ ಕೆನ್ನೆಗೆ ಇಳಿದಿತ್ತು. ಅವರು ಮುಂದೆ ಏನೂ ಕೇಳಲಿಲ್ಲ.

ವರದಿ ಬರುವ ತನಕ ತಾಯಿ ಮಗುವನ್ನು ದವಾಖಾನೆಯಲ್ಲೇ ಇಟ್ಟುಕೊಂಡರು, ಅಲ್ಲಿಯ ತನಕ ನಾನು ಅನ್ನ ಉಂಡದ್ದು ನೆನಪಿಲ್ಲ. ಬಂದ ಮೇಲೆ ಡಾಕ್ಟರು, “ಗಾಬರಿ ಆಗೂವಂಥದ್ದು ಏನಿಲ್ಲ. ಸ್ವಲ್ಪ ದಿನಾ ಅಷ್ಟ ಹಚ್ಚೀರಿ ಅಂತ ಬಚಾವ್ ಆತು. ಕೂಸು ಆರಾಮ ಐತಿ” ಎಂದರು. ನಾನು ದವಾಖಾನೆಯ ಹಿಂದಿನ ನಳದ ಹತ್ತಿರ ಹೋಗಿ ಅತ್ತೆ. ನಗಿಸಲು ಕೂತವನು ಹೇಳಬಾರದ ಮಾತು ಇದು, ಆದರೂ ಆದದ್ದು ಹೌದು.

ಬಂದು ನೋಡಿದರೆ ಶೋಭಾಬಾಯಿ ಪ್ರಜ್ಞಾಳ ಜೊತೆ ಕೂಸನ್ನು ಹೊದಿಸಿಕೊಂಡು ಗಾಡಿಯಲ್ಲಿ ಕೂತಾಗಿತ್ತು. ಅವರು ಬೈಯಲಿಲ್ಲ. “ಮಾತ ಆಗಿತ್ತಲ್ರಿ, ಬೀಗರ” ಎಂದರು, ಅಷ್ಟೇ. ಗಾಡಿ ಹುಕ್ಕೇರಿಯ ದಾರಿ ಹಿಡಿಯಿತು. ನಾವಿಬ್ಬರು ಮೂಡಲಗಿಯ ಬಸ್ಸು ಹಿಡಿದೆವು.

ಮನೆಗೆ ಬಂದು ಸುಜಾತಾ ಬಾಣಂತಿ ಕೋಣೆಯ ಕಿಟಕಿಯ ಚಾದರ ತೆಗೆದು ಮಡಿಸಿದಳು. ಹಂಡೆ ಬೋರಲು ಹಾಕಿದಳು. ಅರ್ಧ ಉಳಿದ ಅಂಟಿನ ಉಂಡಿಯ ಡಬ್ಬಿಯನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ನಿಂತಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

“ಏನೂ ಅನಬ್ಯಾಡ್ರಿ,” ಎಂದಳು. “ತಡೀರಿ, ಹೊಸಾ ಬತ್ತಿ ತರತೇನಿ ಅಂದಿದ್ನಿ. ಅಷ್ಟ ಅಂದಿದ್ನಿ ನಾ.”

ತಪ್ಪನ್ನು ತಿದ್ದಲು ನಾನು ಎರಡನೆಯ ಧ್ವನಿ ಸಂದೇಶ ಕಳಿಸಿದೆ. ಮೊದಲಿನದು ತಪ್ಪು, ಸುಜಾತಾಳ ಬತ್ತಿಗಳು ಸುರಕ್ಷಿತ, ಉರಿದ ಬತ್ತಿಯನ್ನು ಉಜ್ಜಿದ್ದು ನನ್ನ ಮೂರ್ಖತನ ಎಂದು ಬಿಡಿಸಿ ಹೇಳಿದೆ. ಗಂಟಲು ಸರಿಮಾಡಿಕೊಳ್ಳಲಿಲ್ಲ, ಅದಕ್ಕೇ ಇರಬೇಕು, ಯಾರೂ ಕೇಳಲಿಲ್ಲ. ಮೊದಲ ಸಂದೇಶ ಮಾತ್ರ ಇನ್ನೂ ಊರೂರು ತಿರುಗುತ್ತಿದೆ. ಮೊನ್ನೆ ಅಂಕಲಗಿಯ ಪರಿಚಯದವರೊಬ್ಬರು ಅದನ್ನು ನನಗೇ ಕಳಿಸಿದರು. ಮೇಲೆ ಬರೆದಿತ್ತು: ‘ತಜ್ಞರೊಬ್ಬರ ಎಚ್ಚರಿಕೆ, ತಪ್ಪದೆ ಕೇಳಿರಿ.’ ಸುಜಾತಾ ಬತ್ತಿಯ ಪಾಕೀಟುಗಳನ್ನೂ ಲೋಟಗಳನ್ನೂ ಒಂದು ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದ್ದಾಳೆ. ಕೆಳಗೆ ಇಳಿಸಲೇ ಎಂದು ಕೇಳುವ ಧೈರ್ಯ ನನಗೆ ಬಂದಿಲ್ಲ.

ಮೊಮ್ಮಗಳನ್ನು ನೋಡಲು ಕಳೆದ ವಾರ ಹುಕ್ಕೇರಿಗೆ ಹೋಗಿದ್ದೆವು. ಬೀಗತಿ ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. “ಬರ್ರಿ ಬರ್ರಿ, ಬೀಗರ” ಎಂದು ಕರೆದು, ಕೈಕಾಲಿಗೆ ನೀರು ಕೊಟ್ಟು, “ಕಿಸೇದಾಗ ಏನೂ ತಂದಿಲ್ಲಲ್ರಿ?” ಎಂದು ನಗುತ್ತಲೇ ಕೇಳಿದರು. ಸುಜಾತಾ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಲೋಕ ಮರೆತಳು. ನನಗೆ ಬಾಗಿಲ ಹತ್ತಿರದ ಕುರ್ಚಿ ಕೊಟ್ಟರು. ಅಲ್ಲಿಂದ ಕೂಸಿನ ಒಂದು ಪಾದ ಕಾಣುತ್ತಿತ್ತು. ನಾನು ಆ ಪಾದವನ್ನೇ ನೋಡುತ್ತ ಕೂತೆ.

ಸಂಜೆ ಕರೆಂಟು ಹೋಯಿತು. ಶೋಭಾಬಾಯಿ ಎಲ್ಲಿಂದಲೋ ತಂದಿಟ್ಟಿದ್ದ ಒಂದು ಬಣ್ಣದ ಗಾಜಿನ ಮೇಣಬತ್ತಿಯನ್ನು ತೆಗೆದು, ಹಚ್ಚಿ, ತೊಟ್ಟಿಲ ಪಕ್ಕದಲ್ಲೇ ಇಟ್ಟರು. ನಾನು ಕತ್ತು ಚಾಚಿ ನೋಡಿದೆ. ಉರಿಯ ನಡುವೆ ಬತ್ತಿ ನೆಟ್ಟಗೆ ನಿಂತಿತ್ತು. ಒಳಗೆ ತೆಳ್ಳನೆಯ ತಂತಿ ಇರಲೇಬೇಕು. ಸತುವೋ, ಸೀಸವೋ, ಯಾರಿಗೆ ಗೊತ್ತು? ಎಲ್ಲಿ ಕೊಂಡದ್ದು? ಇನ್ನೊಂದು ಹೊಸದಿದ್ದರೆ ಬಿಚ್ಚಿ ಕಾಗದಕ್ಕೆ ಉಜ್ಜಿ ನೋಡಬಹುದಲ್ಲ? ಈ ಸಲ ನನಗೆ ಹೇಗೆಂದು ಗೊತ್ತಿದೆ. ಈ ಸಲ ಕೇಳುವುದು ನ್ಯಾಯ. ನಾನು ಕುರ್ಚಿಯ ತುದಿಗೆ ಬಂದೆ. ಬಾಯಿ ತೆರೆದೆ.

“ಅಪ್ಪಾ,” ಎಂದಳು ಪ್ರಜ್ಞಾ.

ಸುಜಾತಾ ಕೂಸಿನಿಂದ ಮುಖ ಎತ್ತಿ ನನ್ನನ್ನು ನೋಡಿದಳು. ಸಿದ್ಧಾರ್ಥ ನೋಡಿದ. ಬೀಗತಿಯೂ ನೋಡಿದರು.

“ಏನರ ಅಂದ್ರೇನ್ರಿ, ಬೀಗರ?”

“ಏನಿಲ್ರಿ,” ಎಂದೆ. “ಚಹಾ ಭಾಳ ಚಲೋ ಆಗೇತಿ ಅಂದ್ನಿ.”

ಚಹಾ ಇನ್ನೂ ಬಂದಿರಲಿಲ್ಲ.